ಸಾಲಮಾಂಕಾದಲ್ಲಿ ಒಂದು ಮೆಟ್ಟಿಲು ಕೆಳಗೆ: ಸ್ಪ್ಯಾನಿಷ್ ಕಲಿಯಲು ಹೋದ ವಿದ್ಯಾರ್ಥಿನಿಯೊಬ್ಬಳ ಪ್ರಕರಣ

ಈ ಪ್ರಕರಣವನ್ನು ಬರೆಯಲು ಆ ವಿದ್ಯಾರ್ಥಿನಿಯ ಒಪ್ಪಿಗೆ ಪಡೆದಿದ್ದೇನೆ. ಅವಳ ಹೆಸರು, ಊರು, ಕಂಪನಿ, ಅವಳು ಸೇರಿದ ಶಾಲೆ ಯಾವುದನ್ನೂ ಹೇಳುವುದಿಲ್ಲ. ಗುರುತು ಹತ್ತುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವಳು 'ವಿ'. ನಾನು ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಕಲಿಸುತ್ತೇನೆ. ವಿ ಹೊರಡುವ ಮೊದಲು ಎರಡು ವರ್ಷ, ಶನಿವಾರ ಮತ್ತು ಭಾನುವಾರ, ನನ್ನ ಬಳಿಯೇ ಕಲಿತವಳು. ಆದ್ದರಿಂದ ಇಲ್ಲಿ ಬರುವ ತಪ್ಪುಗಳಲ್ಲಿ ನನ್ನ ಪಾಲು ಸಣ್ಣದಲ್ಲ.

ಹಿನ್ನೆಲೆ

ವಿ ಮಲೆನಾಡಿನ ಹುಡುಗಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ವಾಣಿಜ್ಯ ಪದವಿ, ಆಮೇಲೆ ಬೆಂಗಳೂರಿನಲ್ಲಿ ನೌಕರಿ. ಆಗ ಅವಳಿಗೆ ಇಪ್ಪತ್ತಾರು. ಅವಳ ಕಂಪನಿಯಲ್ಲಿ ಸ್ಪೇನ್ ಮತ್ತು ಮೆಕ್ಸಿಕೊ ಗ್ರಾಹಕರ ಕೆಲಸ ಮಾಡುವ ತಂಡವೊಂದಿತ್ತು. ಆ ತಂಡಕ್ಕೆ ಸೇರಬೇಕಾದರೆ ಬಿ2 ಮಟ್ಟದ (ಎ1ರಿಂದ ಸಿ2ರವರೆಗಿನ ಆರು ಮೆಟ್ಟಿಲುಗಳಲ್ಲಿ ನಾಲ್ಕನೆಯದು) ದೆಲೆ ಪ್ರಮಾಣಪತ್ರ ಬೇಕು. ಸ್ಪೇನಿನ ಶಿಕ್ಷಣ ಸಚಿವಾಲಯದ ಪರವಾಗಿ ಸೆರ್ವಾಂತೆಸ್ ಸಂಸ್ಥೆ ನಡೆಸುವ ಪರೀಕ್ಷೆ ಅದು. ವಿ ಆರು ತಿಂಗಳ ಸಂಬಳರಹಿತ ರಜೆ ಪಡೆದಳು. ಕೂಡಿಟ್ಟ ಹಣ ಸಾಲಲಿಲ್ಲ. ತಂದೆ ಒಂದಿಷ್ಟು ಸಾಲ ಮಾಡಿ ಕೊಟ್ಟರು. ಜನವರಿಯಿಂದ ಜೂನ್ ಕೊನೆಯವರೆಗೆ ಸಾಲಮಾಂಕಾದ ಖಾಸಗಿ ಭಾಷಾ ಶಾಲೆಯೊಂದರಲ್ಲಿ ವಾರಕ್ಕೆ 20 ಗಂಟೆಯ ಕೋರ್ಸು, ಮೇ ತಿಂಗಳಲ್ಲಿ ಅಲ್ಲೇ ಪರೀಕ್ಷೆ. ಹೊರಡುವ ಮೊದಲು ಹಾಕಿಕೊಂಡ ಲೆಕ್ಕ ಇದು.

ಊರನ್ನು ಸೂಚಿಸಿದವಳು ನಾನೇ. ಮ್ಯಾಡ್ರಿಡ್‌ನಿಂದ ಸುಮಾರು 200 ಕಿಲೋಮೀಟರ್ ದೂರದ ಸಾಲಮಾಂಕಾದಲ್ಲಿ ಸ್ಪೇನಿನ ಅತ್ಯಂತ ಹಳೆಯ ವಿಶ್ವವಿದ್ಯಾಲಯವಿದೆ. ಅದನ್ನು 1218ರಲ್ಲಿ ಲೆಯೋನಿನ ದೊರೆ ಒಂಬತ್ತನೆಯ ಅಲ್ಫೋನ್ಸೊ ಸ್ಥಾಪಿಸಿದ. ಹತ್ತಿರದ ವಿಯಾಮಾಯೋರ್‌ನ ಮರಳುಗಲ್ಲಿನಲ್ಲಿ ಕಟ್ಟಿದ ಹಳೆಯ ನಗರ ಸಂಜೆಯ ಬಿಸಿಲಿಗೆ ಹೊಂಬಣ್ಣಕ್ಕೆ ತಿರುಗುತ್ತದೆ. 1988ರಿಂದ ಅದು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅಲ್ಲಿನ ಕ್ಯಾಸ್ಟೀಲಿಯನ್ (ಸ್ಪ್ಯಾನಿಷಿನ ಇನ್ನೊಂದು ಹೆಸರು) ಉಚ್ಚಾರ ಸ್ಪಷ್ಟ ಎಂಬ ಹೆಸರಿದೆ, ಖರ್ಚು ಮ್ಯಾಡ್ರಿಡ್‌ಗಿಂತ ಕಡಿಮೆ, ಎಲ್ಲಿಗೆ ಬೇಕಾದರೂ ನಡೆದೇ ಹೋಗಬಹುದು. ಈ ಕಾರಣಗಳೆಲ್ಲ ಇಂದಿಗೂ ಸರಿಯೇ. ಆದರೆ ಒಂದು ಸಂಗತಿಯನ್ನು ನಾನು ಯೋಚಿಸಿರಲಿಲ್ಲ. ಸ್ಪ್ಯಾನಿಷ್ ಕಲಿಯಲು ಹೆಸರಾದ ಊರಿಗೆ ಲೋಕದ ಎಲ್ಲ ಕಡೆಯಿಂದ ಸ್ಪ್ಯಾನಿಷ್ ಬಾರದವರೇ ಬಂದು ಸೇರುತ್ತಾರೆ. ಅವರವರ ನಡುವೆ ಮಾತು ಸುಲಭವಾಗಿ ಇಂಗ್ಲಿಷಿಗೆ ಹೊರಳುತ್ತದೆ.

ಬಾಯಿ ಕಟ್ಟಿದ್ದು

ಶಾಲೆಯವರು ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಲಿಖಿತ ಪರೀಕ್ಷೆ ಮಾಡಿದ್ದರು. ಖಾಲಿ ಬಿಟ್ಟ ಜಾಗ ತುಂಬುವುದು, ಸರಿಯಾದ ಕ್ರಿಯಾಪದ ಆರಿಸುವುದು ಇತ್ಯಾದಿ. ವಿ ವ್ಯಾಕರಣದಲ್ಲಿ ಗಟ್ಟಿ. ಬಿ2 ತರಗತಿಯಲ್ಲಿ ಅವಳಿಗೆ ಜಾಗ ಸಿಕ್ಕಿತು. ನಾವಿಬ್ಬರೂ ಸಂತೋಷಪಟ್ಟೆವು.

ಮೊದಲ ದಿನವೇ ತರಗತಿಯಲ್ಲಿ ಅವಳ ಬಾಯಿ ಕಟ್ಟಿತು. ಬ್ರೆಜಿಲ್‌ನ ಇಬ್ಬರು ಪೋರ್ಚುಗೀಸ್ ಬೆರೆಸಿಕೊಂಡು ಧಾರಾಳವಾಗಿ ಮಾತನಾಡುತ್ತಿದ್ದರು. ಇಟಲಿಯ ಹುಡುಗನೊಬ್ಬ ಪ್ರತಿ ವಾಕ್ಯದಲ್ಲೂ ತಪ್ಪು ಮಾಡುತ್ತಿದ್ದ, ಆದರೂ ನಿಲ್ಲುತ್ತಿರಲಿಲ್ಲ. ಅವರ ತಪ್ಪುಗಳೆಲ್ಲ ವಿಗೆ ಗೊತ್ತಾಗುತ್ತಿದ್ದವು. ತಾನು ಮಾತ್ರ ವಾಕ್ಯವನ್ನು ತಲೆಯಲ್ಲಿ ಕಟ್ಟಿ ಮುಗಿಸುವಷ್ಟರಲ್ಲಿ ಚರ್ಚೆ ಮುಂದೆ ಹೋಗಿರುತ್ತಿತ್ತು.

ವಾಸಕ್ಕೆ ಅವಳು ಆರಿಸಿಕೊಂಡಿದ್ದು ಶಾಲೆಯ ಇನ್ನು ನಾಲ್ವರು ವಿದ್ಯಾರ್ಥಿಗಳಿದ್ದ ಫ್ಲ್ಯಾಟು. ಅದಕ್ಕೆ ನ್ಯಾಯವಾದ ಕಾರಣವಿತ್ತು. ವಿ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಸ್ವಂತ ಅಡುಗೆಮನೆ ಇದ್ದರೆ ಅನ್ನ ಸಾರು ಮಾಡಿಕೊಂಡು ಬದುಕಬಹುದು ಎಂದು ಅವಳ ತಾಯಿ ಹೇಳಿದ್ದರು, ನಾನೂ ತಲೆಯಾಡಿಸಿದ್ದೆ. ಆ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಇಂಗ್ಲಿಷ್. ಸಂಜೆ ಎಲ್ಲರೂ ಪ್ಲಾಸಾ ಮಾಯೋರ್ ಚೌಕಕ್ಕೆ ಹೋಗುವರು. ಸಾಲಮಾಂಕಾದ ಜನ ಯಾರನ್ನಾದರೂ ಕಾಣಬೇಕೆಂದರೆ ಅಲ್ಲಿನ ಗಡಿಯಾರದ ಕೆಳಗೆ ಸೇರುವುದು ರೂಢಿ. 1729ರಿಂದ 1755ರವರೆಗೆ ಕಟ್ಟಿದ ಆ ಚೌಕದ ಕಮಾನುಗಳ ಕೆಳಗೆ ನಿಂತು ವಿ ಮತ್ತು ಅವಳ ಗೆಳತಿಯರು ಇಂಗ್ಲಿಷಿನಲ್ಲಿ ಹರಟುತ್ತಿದ್ದರು. ವಿಶ್ವವಿದ್ಯಾಲಯದ ಮುಂಭಾಗದ ಕೆತ್ತನೆಯಲ್ಲಿ ತಲೆಬುರುಡೆಯ ಮೇಲೆ ಕುಳಿತ ಪುಟ್ಟ ಕಪ್ಪೆಯನ್ನು ಹುಡುಕಿದ್ದೂ ಇಂಗ್ಲಿಷಿನಲ್ಲೇ.

ಐದನೆಯ ವಾರದಲ್ಲಿ ಅವಳ ಕರೆ ಬಂತು. "ಮೇಡಂ, ಬೇಕರಿಯಲ್ಲಿ ಬ್ರೆಡ್ ಕೇಳುವುದಕ್ಕೂ ಬೆರಳು ತೋರಿಸುತ್ತಿದ್ದೇನೆ. ಊರಿನಲ್ಲಿ ನಿಮ್ಮ ಮುಂದೆ ಇಷ್ಟಾದರೂ ಮಾತನಾಡುತ್ತಿದ್ದೆ. ಇಲ್ಲಿಗೆ ಬಂದು ಅದೂ ಹೋಯಿತು." ವಾಪಸು ಬಂದುಬಿಡಲೇ ಎಂದು ಕೇಳಿದಳು.

ಮೊದಲು ಮಾಡಿದ ಪ್ರಯತ್ನಗಳು

ಅಷ್ಟರಲ್ಲಿ ಅವಳು ಸುಮ್ಮನೆ ಕುಳಿತಿರಲಿಲ್ಲ. ಎರಡು ವಾರ ದಿನಕ್ಕೊಂದು ಗಂಟೆ ಪ್ರತ್ಯೇಕ ಪಾಠ ಹೇಳಿಸಿಕೊಂಡಿದ್ದಳು. ಅದು ದುಬಾರಿ, ಮೇಲಾಗಿ ಅಲ್ಲೂ ವ್ಯಾಕರಣದ ಅಭ್ಯಾಸವೇ ನಡೆಯಿತು. ಅವಳು ಕೇಳಿದ್ದೇ ಅದನ್ನು. ನೀನು ನನ್ನ ಭಾಷೆ ಕಲಿಸು, ನಾನು ನಿನ್ನದನ್ನು ಕಲಿಸುತ್ತೇನೆ ಎಂಬ ವಿನಿಮಯದ ಪದ್ಧತಿ ಅಲ್ಲಿದೆ, ಅದನ್ನು 'ಇಂತೆರ್‌ಕಾಂಬಿಯೊ' ಎನ್ನುತ್ತಾರೆ. ಆ ರೀತಿ ಒಬ್ಬ ಸ್ಥಳೀಯ ವಿದ್ಯಾರ್ಥಿನಿಯನ್ನು ವಾರಕ್ಕೆರಡು ಬಾರಿ ಭೇಟಿಯಾಗುತ್ತಿದ್ದಳು. ಆ ಹುಡುಗಿಗೆ ಇಂಗ್ಲಿಷ್ ಪರೀಕ್ಷೆ ಹತ್ತಿರದಲ್ಲಿತ್ತು, ವಿಗೆ ಇಂಗ್ಲಿಷ್ ಸಲೀಸು. ಹತ್ತು ನಿಮಿಷ ಕಳೆಯುವುದರೊಳಗೆ ಮಾತು ಯಾವ ಕಡೆಗೆ ವಾಲುತ್ತಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಇನ್ನಷ್ಟು ಪಾಠ, ಇನ್ನಷ್ಟು ಪದಪಟ್ಟಿ, ಇನ್ನಷ್ಟು ಶ್ರಮ. ಓದಿನಲ್ಲಿ ಮುಂದಿದ್ದ ಮಕ್ಕಳು ಕಷ್ಟ ಬಂದಾಗ ಹಿಡಿಯುವ ದಾರಿ ಇದು. ಇಲ್ಲಿ ಶ್ರಮದ ಕೊರತೆ ಇರಲೇ ಇಲ್ಲ.

ಮೂರು ನಿಮಿಷದ ಧ್ವನಿ

"ವಾಪಸು ಬರುವ ಮಾತು ಆಮೇಲೆ ಆಡೋಣ. ಇಂದು ಬೆಳಿಗ್ಗೆಯಿಂದ ಏನೇನು ಮಾಡಿದೆ ಎಂದು ಮೂರು ನಿಮಿಷ ಸ್ಪ್ಯಾನಿಷಿನಲ್ಲಿ ಹೇಳಿ ಧ್ವನಿ ಕಳಿಸು. ಕಾಗದ ನೋಡಬಾರದು" ಎಂದೆ. ಕಳಿಸಿದಳು. ಅದನ್ನು ನಾಲ್ಕು ಸಲ ಕೇಳಿದೆ.

"ಯೋ ಮೆ ಲೆವಾಂಟೆ. ಯೋ ಟೊಮೆ ಕಾಫೆ. ಯೋ ಫುಯಿ ಆ ಕ್ಲಾಸೆ." 'ಯೋ' ಎಂದರೆ ನಾನು. ಮೂರು ನಿಮಿಷದಲ್ಲಿ ಇಪ್ಪತ್ಮೂರು 'ಯೋ' ಎಣಿಸಿದೆ. ಸ್ಪ್ಯಾನಿಷಿನಲ್ಲಿ ಕ್ರಿಯಾಪದದ ಕೊನೆಯೇ ಕರ್ತೃ ಯಾರೆಂದು ಹೇಳುತ್ತದೆ. ಒತ್ತಿ ಹೇಳಬೇಕಾದಾಗ, ಇಲ್ಲವೇ ನಾನು ಬೇರೆ ಅವಳು ಬೇರೆ ಎಂದು ತೋರಿಸಬೇಕಾದಾಗ ಮಾತ್ರ 'ಯೋ' ಬರುತ್ತದೆ. ಇದು ವಿಗೆ ಗೊತ್ತಿರುವ ನಿಯಮ. ಲಿಖಿತ ಪರೀಕ್ಷೆಯಲ್ಲಿ ಕೇಳಿದ್ದರೆ ಪೂರ್ಣ ಅಂಕ ಪಡೆಯುತ್ತಿದ್ದಳು. ಬಾಯಿಗೆ ಮಾತ್ರ ಇಂಗ್ಲಿಷಿನ ವಾಕ್ಯ ಮೊದಲು ಬರುತ್ತಿತ್ತು, ಅದನ್ನು ಪದಪದವಾಗಿ ಸಾಗಿಸುತ್ತಿದ್ದಳು.

ಮತ್ತೆ ಕರೆ ಮಾಡಿ, "ಇದನ್ನೇ ನಿನ್ನ ಅಮ್ಮನಿಗೆ ಹೇಳುವ ಹಾಗೆ ಹೇಳು" ಎಂದೆ. ಅರೆಗಳಿಗೆ ಸುಮ್ಮನಿದ್ದು, "ಬೆಳಿಗ್ಗೆ ಎದ್ದೆ, ಕಾಫಿ ಕುಡಿದೆ, ತರಗತಿಗೆ ಹೋದೆ" ಎಂದಳು. "ಇದರಲ್ಲಿ 'ನಾನು' ಎಷ್ಟು ಸಲ ಬಂತು?" ಎಂದು ಕೇಳಿದೆ. ಒಂದು ಸಲವೂ ಬಂದಿರಲಿಲ್ಲ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ.

ಆ ರಾತ್ರಿ ನಾವು ಒಂದೂವರೆ ಗಂಟೆ ಕುಳಿತೆವು. 'ಮೆ ಗುಸ್ತಾ ಎಲ್ ಕಾಫೆ' ಎಂಬ ವಾಕ್ಯವನ್ನು ಇಂಗ್ಲಿಷಿನ ಮೂಲಕ ಕಲಿಸಲು ನಾನು ಒಂದಿಡೀ ವಾರ ತೆಗೆದುಕೊಂಡಿದ್ದೆ. ಕಾಫಿ ಹೇಗೆ ಕರ್ತೃವಾಯಿತು ಎಂದು ಬಾಣದ ಗುರುತು ಹಾಕಿ ಚಿತ್ರ ಬರೆದಿದ್ದೆ. ಅದು 'ನನಗೆ ಕಾಫಿ ಇಷ್ಟ', ಅಷ್ಟೇ. 'ಮೆ ದುಯೆಲೆ ಲಾ ಕಾಬೇಸಾ' ಎಂದರೆ 'ನನಗೆ ತಲೆ ನೋಯುತ್ತಿದೆ'. 'ಫುಯಿ' ಮತ್ತು 'ಇಬಾ' ನಡುವಿನ ವ್ಯತ್ಯಾಸವೂ ಹಾಗೆಯೇ: ಹೋದೆ, ಹೋಗುತ್ತಿದ್ದೆ. 'ಚಿಕ್ಕವಳಿದ್ದಾಗ ಹೊಳೆಗೆ ಹೋಗುತ್ತಿದ್ದೆ' ಎನ್ನುವ ಮಗುವಿಗೆ ಈ ಭೂತಕಾಲ ಹೊಸದಲ್ಲ. ಉಚ್ಚಾರದಲ್ಲೂ ಇದೇ ಕಥೆ. ಸ್ಪ್ಯಾನಿಷಿನ 't' ನಮ್ಮ ತಾಯಿಯ 'ತ', 'd' ದಾರಿಯ 'ದ'. ರೋಮನ್ ಅಕ್ಷರ ಕಂಡ ಕೂಡಲೇ ವಿಯ ನಾಲಿಗೆ ಇಂಗ್ಲಿಷಿನ ಅಭ್ಯಾಸಕ್ಕೆ ಬಿದ್ದು 'ಟ', 'ಡ' ಎನ್ನುತ್ತಿತ್ತು. ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಓದು ಎಂದೆ. 'ತೊಮೆ', 'ತೆಂಗೊ' ಆ ಕ್ಷಣಕ್ಕೇ ಸರಿಹೋದವು.

ಎಲ್ಲವೂ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಮೇಜು ಹೆಣ್ಣು, ಪುಸ್ತಕ ಗಂಡು ಎಂಬ ಲಿಂಗಭೇದಕ್ಕೆ ಕನ್ನಡದಲ್ಲಿ ಆಸರೆಯಿಲ್ಲ, ಬಾಯಿಪಾಠವೇ ಗತಿ. 'ಸೆರ್' ಮತ್ತು 'ಎಸ್ತಾರ್' ಎಂಬ ಎರಡು 'ಇರು'ಗಳಲ್ಲಿ ಕನ್ನಡ ಅರ್ಧ ದಾರಿ ಮಾತ್ರ ಜೊತೆ ಬರುತ್ತದೆ. 'ಅವನು ವೈದ್ಯ' ಎಂದು ನಾವು ಕ್ರಿಯಾಪದವನ್ನೇ ಬಿಡುವಲ್ಲಿ 'ಸೆರ್', 'ಮನೆಯಲ್ಲಿದ್ದಾನೆ', 'ಸಾರು ತಣ್ಣಗಿದೆ' ಎನ್ನುವಲ್ಲಿ 'ಎಸ್ತಾರ್'; ಆದರೆ 'ಎತ್ತರವಾಗಿದ್ದಾನೆ' ಎಂಬಲ್ಲಿ ಈ ಸೂತ್ರ ಕೈಕೊಡುತ್ತದೆ.

ಎರಡು ವರ್ಷ ನಾನು ಇಂಗ್ಲಿಷಿನ ಮೂಲಕವೇ ಕಲಿಸಿದ್ದೆ. ಪಠ್ಯಪುಸ್ತಕಗಳು ಹಾಗಿವೆ, ತರಗತಿಯಲ್ಲಿ ತಮಿಳು, ಹಿಂದಿ ಮಾತನಾಡುವವರೂ ಇರುತ್ತಾರೆ ಎಂಬ ಕಾರಣಗಳಿದ್ದವು. ಆದರೂ ವಿಯ ಕೈಯಲ್ಲಿದ್ದುದನ್ನು ಕೆಳಗಿಡಿಸಿ ಬರಿಗೈಯಲ್ಲಿ ಕಳಿಸಿದ್ದೆ. ಇದನ್ನು ನೆನೆದಾಗ ನನಗೆ ಇಂದಿಗೂ ಸಂಕಟವಾಗುತ್ತದೆ. ಸಾಲಮಾಂಕಾದಲ್ಲೇ ಪಾಠ ಹೇಳಿದ ಆಂತೋನಿಯೊ ದೆ ನೆಬ್ರಿಹಾ 1492ರಲ್ಲಿ ಕ್ಯಾಸ್ಟೀಲಿಯನ್ ಭಾಷೆಯ ಮೊದಲ ವ್ಯಾಕರಣ ಅಚ್ಚುಹಾಕಿಸಿದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, ಸುಮಾರು 1488ರಲ್ಲಿ, ರಾಣಿ ಇಸಬೆಲ್ ಕೇಳಿಕೊಂಡಳೆಂದು ಅವನು ತನ್ನ ಲ್ಯಾಟಿನ್ ಪಠ್ಯವನ್ನು ಲ್ಯಾಟಿನ್ ಒಂದು ಕಡೆ, ಕ್ಯಾಸ್ಟೀಲಿಯನ್ ಎದುರು ಕಡೆ ಇರುವಂತೆ ಮತ್ತೆ ಸಿದ್ಧಪಡಿಸಿದ. ಹೊಸ ಭಾಷೆಯ ಪಕ್ಕದಲ್ಲಿ ಮನೆಯ ಭಾಷೆಯನ್ನು ಇಡುವ ಕೆಲಸ ಐನೂರು ವರ್ಷಗಳ ಹಿಂದೆಯೇ ನಡೆದಿತ್ತು.

ಕೆಳಗಿಳಿಯುವ ನಿರ್ಧಾರ

ನಾನು ಎರಡು ಸಲಹೆ ಕೊಟ್ಟೆ. ಬಿ2 ಬಿಟ್ಟು ಬಿ1 ತರಗತಿಗೆ ಇಳಿಯುವುದು, ಫ್ಲ್ಯಾಟು ಬಿಟ್ಟು ಸ್ಥಳೀಯರ ಮನೆಗೆ ಹೋಗುವುದು. ಎರಡನ್ನೂ ವಿ ಮೊದಲು ತಳ್ಳಿಹಾಕಿದಳು. ಮಟ್ಟ ಬದಲಾದರೆ ವೀಸಾಕ್ಕೆ ತೊಂದರೆಯಾದೀತು ಎಂಬ ಭಯ ಒಂದು. ಶಾಲೆಯಲ್ಲಿ ವಿಚಾರಿಸಿದಾಗ, ಕೋರ್ಸಿನ ಅವಧಿ ಮತ್ತು ವಾರದ ಗಂಟೆಗಳು ಅವೇ ಇರುವುದರಿಂದ ತೊಂದರೆಯಿಲ್ಲ ಎಂದರು. ಉಳಿದಿದ್ದು ಮರ್ಯಾದೆಯ ಪ್ರಶ್ನೆ.

ಅವಳ ತಂದೆ ನನಗೆ ಕರೆ ಮಾಡಿದರು. "ಮೇಡಂ, ಸಾಲ ಮಾಡಿ ಅಷ್ಟು ದೂರ ಕಳಿಸಿದ್ದು ಮೇಲೆ ಹತ್ತಲಿ ಎಂದು. ಈಗ ನೀವೇ ಕೆಳಗಿನ ತರಗತಿಗೆ ಹೋಗು ಎನ್ನುತ್ತೀರಂತೆ?" ಅವರ ದನಿಯಲ್ಲಿ ಕೋಪಕ್ಕಿಂತ ದಿಗಿಲು ಹೆಚ್ಚಿತ್ತು. ನಾನು ತಿರುಗಿ ಕೇಳಿದೆ: "ನಿಮ್ಮ ತೋಟದಲ್ಲಿ ಅಡಿಕೆ ಸಸಿಯನ್ನು ಪಾತಿಯಿಂದ ಕಿತ್ತು ನೇರವಾಗಿ ಬಿಸಿಲಿಗೆ ನೆಡುತ್ತೀರಾ?" ಸ್ವಲ್ಪ ಹೊತ್ತು ಬಿಟ್ಟು, "ನೆರಳು ಮಾಡದೆ ನೆಡುವುದಿಲ್ಲ" ಎಂದರು. "ಇದೂ ಹಾಗೆಯೇ. ಅವಳಿಗೆ ಎಂಟು ವಾರ ನೆರಳು ಬೇಕು." ಒಪ್ಪಿದರೋ ಇಲ್ಲವೋ ನನಗೆ ತಿಳಿಯಲಿಲ್ಲ, ಮಗಳಿಗೆ ಮಾತ್ರ ಬೇಡ ಎನ್ನಲಿಲ್ಲ.

ಏಳನೆಯ ವಾರ ಅವಳು ಬಿ1 ತರಗತಿಯಲ್ಲಿ ಕುಳಿತಳು. ವ್ಯಾಕರಣ ಪೂರ್ತಿ ಗೊತ್ತಿದ್ದುದರಿಂದ ತಲೆಗೆ ಬಿಡುವು ಸಿಕ್ಕಿತು, ಆ ಬಿಡುವು ಬಾಯಿಗೆ ಹೋಯಿತು. ಎರಡನೆಯ ದಿನವೇ ಇನ್ನೊಬ್ಬಳಿಗೆ ಭೂತಕಾಲ ವಿವರಿಸಿದಳಂತೆ, ಸ್ಪ್ಯಾನಿಷಿನಲ್ಲೇ.

ಅಡುಗೆಮನೆ

ಶಾಲೆಯವರು ಹುಡುಕಿಕೊಟ್ಟ ಮನೆಯಲ್ಲಿ ಅರವತ್ತೆಂಟು ವರ್ಷದ ವಿಧವೆಯೊಬ್ಬರು ಒಬ್ಬರೇ ಇದ್ದರು. ಅರ್ಜಿಯಲ್ಲಿ ಸಸ್ಯಾಹಾರಿ ಎಂದು ಬರೆದಿತ್ತು. ಮೊದಲ ರಾತ್ರಿ ಒಂಬತ್ತೂವರೆಗೆ ಊಟಕ್ಕೆ ಬಂದದ್ದು ಹುರುಳಿಕಾಯಿ ಪಲ್ಯ, ನಡುನಡುವೆ ಹಂದಿಮಾಂಸದ ಸಣ್ಣ ಚೂರುಗಳು. ವಿ ತಡವರಿಸಿದಾಗ ಅವರು ಪ್ರೀತಿಯಿಂದಲೇ "ಸ್ವಲ್ಪವೇ ಸ್ವಲ್ಪ ಹಾಮೋನ್, ರುಚಿಗೆ" ಎಂದರು. ಒಣಗಿಸಿದ ಹಂದಿತೊಡೆಯ ಆ ಹಾಮೋನ್ ಅಲ್ಲಿನವರ ಪಾಲಿಗೆ ಮಾಂಸದೂಟವಲ್ಲ, ಒಗ್ಗರಣೆಯಂತೆ. ವಿ ಬ್ರೆಡ್ ಮತ್ತು ಕಿತ್ತಳೆ ತಿಂದು ಮಲಗಿದಳು. ನಾಲ್ಕು ದಿನ ಹೀಗೇ ನಡೆಯಿತು.

ಐದನೆಯ ದಿನ ಅವಳು ಹೇಳಲೇಬೇಕಾಯಿತು. ಏನು ತಿನ್ನುವುದಿಲ್ಲ, ಏಕೆ ತಿನ್ನುವುದಿಲ್ಲ, ಮನೆಯಲ್ಲಿ ಏನು ತಿನ್ನುತ್ತಾರೆ. ಇದಕ್ಕೆ ಪಠ್ಯದ ಉತ್ತರವಿಲ್ಲ, ಹಸಿವೆ ಇತ್ತು. ಆ ಹಿರಿಯರು ಪಟ್ಟು ಬಿಡದೆ ಪ್ರಶ್ನೆ ಕೇಳಿದರು. ಇಂಗ್ಲಿಷಿನ ಒಂದು ಪದವೂ ಅವರಿಗೆ ಬಾರದು. ಮಾತು ಮುಗಿದಾಗ ಒಂದು ಗಂಟೆಯಾಗಿತ್ತು. "ಹಾಗಾದರೆ ನೀನೇ ಮಾಡಿ ತೋರಿಸು" ಎಂದರು.

ಸಾಲಮಾಂಕಾದ ಉತ್ತರಕ್ಕೆ ಲಾ ಆರ್ಮುನ್ಯಾ ಎಂಬ ಬಯಲುಸೀಮೆ ಇದೆ. ಅಲ್ಲಿನ ಲೆಂತೆಹಾ, ಅಂದರೆ ಮಸೂರಿನ ಜಾತಿಯ ಚಪ್ಪಟೆ ಕಾಳು, ಸ್ಪೇನಿನಲ್ಲೆಲ್ಲ ಹೆಸರುವಾಸಿ. ಆ ಕಾಳನ್ನು ಬೇಯಿಸಿ, ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ ಹಾಕಿ ವಿ ಸಾರು ಮಾಡಿದಳು. ಒಗ್ಗರಣೆಗೆ ಎಣ್ಣೆ ಕಾಯಿಸಿ ಸಾಸಿವೆ ಹಾಕಿದ ಕೂಡಲೇ ಆ ಹಿರಿಯರು ಸುಟ್ಟುಹೋಗುತ್ತದೆ ಎಂದು ಒಲೆ ಆರಿಸಲು ಕೈ ಚಾಚಿದರು. ವಿ ಯೋಚಿಸಲಿಲ್ಲ. "ಎಸ್ಪೆರಾ, ಎಸ್ಪೆರಾ ಆ ಕೆ ರೆವಿಯೆಂತೆನ್!" ಎಂದುಬಿಟ್ಟಳು. ತಡೆ, ಸಾಸಿವೆ ಸಿಡಿಯಲಿ.

ಆ ರಾತ್ರಿ ಅವಳು ಕಳಿಸಿದ ಧ್ವನಿಸಂದೇಶವನ್ನು ನಾನು ಅಳಿಸಿಲ್ಲ. ಆ ಒಂದು ವಾಕ್ಯದಲ್ಲಿ ಎರಡು ಗಂಟು ಬಿಚ್ಚಿದ್ದವು. ಮೊದಲನೆಯದು 'ರೆವಿಯೆಂತೆನ್'. ಇದು ಸಬ್‌ಜಂಕ್ಟಿವ್, ಇನ್ನೂ ಆಗದ, ಆಗಲಿ ಎಂದು ಕಾಯುವ ಕ್ರಿಯೆಯ ರೂಪ. ಇದನ್ನು ಕಲಿಯಲು ವಿದ್ಯಾರ್ಥಿಗಳು ವರ್ಷಗಟ್ಟಲೆ ಹೆಣಗುತ್ತಾರೆ. ನಮ್ಮ 'ಸಿಡಿಯಲಿ', 'ಬರಲಿ', 'ಆಗಲಿ' ಎಂಬ ರೂಪಗಳು ಅದಕ್ಕೆ ಎಷ್ಟು ಹತ್ತಿರ ಎಂದು ನಾನು ಎಂದೂ ತರಗತಿಯಲ್ಲಿ ಹೇಳಿರಲಿಲ್ಲ. ಎರಡನೆಯದು 'ಎಸ್ಪೆರಾ'. ಅದು ಏಕವಚನದ 'ತಡೆ'. ಅಲ್ಲಿಯವರೆಗೆ ವಿ ಆ ಹಿರಿಯರನ್ನು 'ಉಸ್ತೆದ್' ಎಂದು, ನಮ್ಮ 'ನೀವು' ಎನ್ನುವ ಹಾಗೆ, ಕರೆಯುತ್ತಿದ್ದಳು. ಅವರು 'ತೂ' ಎನ್ನು ಎಂದು ದಿನವೂ ಹೇಳಿದರೂ ಅಜ್ಜಿಯ ವಯಸ್ಸಿನವರನ್ನು 'ನೀನು' ಎನ್ನಲು ನಾಲಿಗೆ ಏಳುತ್ತಿರಲಿಲ್ಲ. "ನಿನ್ನ ಅಮ್ಮನನ್ನು ಬಹುವಚನದಲ್ಲಿ ಕರೆಯುತ್ತೀಯಾ?" ಎಂದು ನಾನು ಕೇಳಿದಾಗ ನಕ್ಕಳು. ಆಮೇಲೆ ಆ ಮನೆಯಲ್ಲಿ 'ಉಸ್ತೆದ್' ಕೇಳಿಬರಲಿಲ್ಲ.

ಫಲಿತಾಂಶ

ಎಂಟು ವಾರ ಬಿ1ರಲ್ಲಿದ್ದು ಏಪ್ರಿಲ್ ಕೊನೆಗೆ ವಿ ಮತ್ತೆ ಬಿ2 ತರಗತಿಗೆ ಹೋದಳು. ಮೇ ಪರೀಕ್ಷೆಗೆ ಬಿ1 ಸಾಕು ಎಂದು ನಾನು ಹೇಳಿದೆ. ಅವಳು ಕೇಳಲಿಲ್ಲ, ಬಿ2ಕ್ಕೇ ಕುಳಿತಳು.

ದೆಲೆ ಬಿ2ರಲ್ಲಿ ಓದು ಮತ್ತು ಬರಹ ಸೇರಿ ಒಂದು ಗುಂಪು, ಆಲಿಸುವುದು ಮತ್ತು ಮಾತು ಸೇರಿ ಇನ್ನೊಂದು. ಪ್ರತಿ ಗುಂಪಿಗೆ 50 ಅಂಕ, ಎರಡರಲ್ಲೂ ತಲಾ 30 ಬರಬೇಕು. ಒಂದರಲ್ಲಿ ಹೆಚ್ಚು ಬಂದರೆ ಇನ್ನೊಂದರ ಕೊರತೆ ತುಂಬುವುದಿಲ್ಲ. ವಿ ಮಾತಿನ ಗುಂಪಿನಲ್ಲಿ ದಾಟಿದಳು. ಬರಹದ ಗುಂಪಿನಲ್ಲಿ ಮೂರು ಅಂಕಕ್ಕೆ ಬಿದ್ದಳು. ಒಟ್ಟು ಫಲಿತಾಂಶ 'ನೋ ಆಪ್ತೊ', ಅನುತ್ತೀರ್ಣ.

ಕೆಳಗಿಳಿದಿದ್ದಕ್ಕೆ ತೆತ್ತ ಬೆಲೆ ಇದು, ಮುಚ್ಚಿಡುವುದು ಸರಿಯಲ್ಲ. ಆ ಎಂಟು ವಾರಗಳಲ್ಲಿ ಬಿ2ರವರು ಔಪಚಾರಿಕ ಪತ್ರ, ವಾದ ಮಂಡಿಸುವ ಲೇಖನ ಬರೆದು ತಿದ್ದಿಸಿಕೊಂಡಿದ್ದರು. ವಿ ಅಡುಗೆಮನೆಯಲ್ಲಿ ಮಾತನಾಡುತ್ತಿದ್ದಳು. ನಾನು ಬರಹದ ಕಡೆ ಗಮನ ಕೊಡಲಿಲ್ಲ, ಅದು ಅವಳ ಗಟ್ಟಿ ಜಾಗ ಎಂದು ನಂಬಿದ್ದೆ. ಖಾಲಿ ಜಾಗ ತುಂಬುವುದು ಬರವಣಿಗೆಯಲ್ಲ ಎಂಬುದು ಆಗ ಹೊಳೆಯಬೇಕಿತ್ತು. ಇಂಥ ಇನ್ನೊಂದು ಸಂದರ್ಭ ಬಂದರೆ ಕೆಳಗಿಳಿ ಎಂದೇ ಹೇಳುತ್ತೇನೆ, ಜೊತೆಗೆ ವಾರಕ್ಕೊಂದು ಪತ್ರ ಬರೆದು ಕಳಿಸು ಎಂದೂ ಹೇಳುತ್ತೇನೆ.

ವಾಪಸು ಬಂದ ಮೇಲೆ ಕಂಪನಿ ಹಳೆಯ ಹುದ್ದೆಯಲ್ಲೇ ಇಟ್ಟುಕೊಂಡಿತು. ಸಾಲದ ಕಂತು ಶುರುವಾಯಿತು. ಆ ದಿನಗಳಲ್ಲಿ ಅವಳ ತಂದೆಯ ಮುಖ ನೋಡುವುದು ನನಗೂ ಕಷ್ಟವಾಗಿತ್ತು. ವಿ ನಾಲ್ಕು ತಿಂಗಳು ಬರವಣಿಗೆ ಒಂದನ್ನೇ ಹಿಡಿದಳು. ನವೆಂಬರ್‌ನಲ್ಲಿ ಭಾರತದಲ್ಲೇ ಮತ್ತೆ ಪರೀಕ್ಷೆ ಬರೆದು ಎರಡೂ ಗುಂಪುಗಳಲ್ಲಿ ತೇರ್ಗಡೆಯಾದಳು. ಈಗ ಆ ತಂಡದಲ್ಲಿದ್ದಾಳೆ. ಭಾನುವಾರಗಳಂದು ಸಾಲಮಾಂಕಾದ ಆ ಹಿರಿಯರಿಗೆ ಕರೆ ಮಾಡುತ್ತಾಳೆ. ಅವರ ಮನೆಯಲ್ಲಿ ಸಾಸಿವೆ ಮುಗಿದಿದೆಯಂತೆ.

ಈ ಪ್ರಕರಣದ ನಂತರ ಹೊರದೇಶಕ್ಕೆ ಹೊರಡುವ ಯಾರಿಗೇ ಆಗಲಿ ಶಾಲೆಯ ಲಿಖಿತ ಪರೀಕ್ಷೆಯ ಅಂಕ ನೋಡಿ ನಾನು ಮಟ್ಟ ಒಪ್ಪುವುದಿಲ್ಲ. ಮೊದಲು ಮೂರು ನಿಮಿಷದ ಧ್ವನಿ ಕೇಳುತ್ತೇನೆ. ಊಟದ ಕಾರಣಕ್ಕೆ ಸಹಪಾಠಿಗಳ ಫ್ಲ್ಯಾಟು ಆರಿಸಿಕೊಳ್ಳುವವರಿಗೆ, ಊಟದ ತೊಂದರೆಯೇ ಮಾತಿಗೆ ದಾರಿಯಾದ ಈ ಕಥೆ ಹೇಳುತ್ತೇನೆ. ಆಮೇಲೆ ನಿರ್ಧಾರ ಅವರದು. ಮುಂದಿನ ಜನವರಿಗೆ ಇನ್ನೊಬ್ಬ ಹುಡುಗ ಹೊರಡುವವನಿದ್ದಾನೆ. ಅವನ ಧ್ವನಿ ಕಳೆದ ವಾರ ಬಂತು. ಹತ್ತೊಂಬತ್ತು 'ಯೋ' ಎಣಿಸಿದೆ. ಇನ್ನೂ ಎರಡು ತಿಂಗಳಿದೆ, ಶನಿವಾರದಿಂದ ಅಲ್ಲಿಂದಲೇ ಶುರುಮಾಡುತ್ತಿದ್ದೇವೆ.